ಆಣೆ ಮಾಡಿಸುವ ಕೆಲಸ

ನಕಲು ಬರೆಯುವ ಕೋಣೆಗೂ ನಾಜರರ ಕೋಣೆಗೂ ನಡುವೆ ಇದ್ದದ್ದು ಒಂದೇ ಬಾಗಿಲು. ನನ್ನ ದೌತಿ, ಟಾಕು, ಕೂಡುವ ಚಾಪೆ ಎತ್ತಿಕೊಂಡು ಆ ಬಾಗಿಲು ದಾಟಿದ ದಿನ ಜೊತೆಯ ಕಾರಕೂನರು ಪೇಢೆ ಕೇಳಿದರು. ಕೊಡಿಸಿದೆ. ನಾನು ಮಾತ್ರ ತಿನ್ನಲಿಲ್ಲ.

ಪ್ಲೇಗಿಗೆ ಹೆದರಿ ಊರು ಬಿಟ್ಟಿದ್ದ ಬಾಗಲಕೋಟೆಯ ಜನ ಹೊಲದ ಗುಡಿಸಲು ಕಿತ್ತು ತಿರುಗಿ ಮನೆ ಸೇರಿದ ವರ್ಷ ಅದು. ನಾನು ದಿವಾಣಿ ಕೋರ್ಟಿನಲ್ಲಿ ನಕಲು ಕಾರಕೂನ. ಕೋರ್ಟಿನ ಹೊರಗಿನ ಕೆಲಸವೆಲ್ಲ ನಾಜರರದು: ಸಮನ್ಸು ಮುಟ್ಟಿಸುವುದು, ಜಪ್ತಿ ಮಾಡುವುದು, ಪಂಚನಾಮೆ ಬರೆಯುವುದು. ಅದರಲ್ಲಿ ಇನ್ನೊಂದು ಕೆಲಸವಿತ್ತು, ಆಣೆ ಮಾಡಿಸುವುದು. ಕಾಯದೆ ಹೀಗೆ: ದಾವೆಯಲ್ಲಿ ಒಂದು ಕಡೆಯವರು, "ಎದುರಿನವನು ಇಂಥ ಜಾಗದಲ್ಲಿ ಇಂಥ ರೀತಿ ಆಣೆ ಮಾಡಿ ಹೇಳಲಿ, ಅವನ ಮಾತು ನನಗೆ ಕಬೂಲು" ಎಂದು ಬರೆದುಕೊಡಬಹುದು. ಎದುರಿನವನು ಒಪ್ಪಿದರೆ ಕೋರ್ಟು ತನ್ನ ಮನುಷ್ಯನನ್ನು ಕಳಿಸಿ ಆ ಜಾಗದಲ್ಲಿ ಆಣೆ ಮಾಡಿಸುತ್ತದೆ. ಅವನು ಏನು ಹೇಳಿದನೋ ಅದೇ ಖರೆ. ಆಮೇಲೆ ಸಾಕ್ಷಿಯೂ ಇಲ್ಲ, ವಾದವೂ ಇಲ್ಲ. ಆಣೆಯ ರೀತಿ ಅವರವರ ಮತದಲ್ಲಿ ನಡೆದುಬಂದದ್ದಾಗಿರಬೇಕು, ಮತ್ತು ಮೂರನೆಯವರ ಮೇಲೆ ಬೀಳಬಾರದು. ಮಕ್ಕಳ ತಲೆ ಮುಟ್ಟಿ ಮಾಡಿದ್ದು ಕೋರ್ಟಿಗೆ ನಡೆಯುವುದಿಲ್ಲ.

ಸಾಲೆಯ ಚರ್ಚಾಮಂಡಳಿಯಲ್ಲಿ ನನಗೆ ಕಲಿಸಿದ್ದು ಇದರ ತೀರ ಉಲ್ಟಾ. ಯಾರು ಹೇಳಿದರು, ಎಲ್ಲಿ ನಿಂತು ಹೇಳಿದರು ಎನ್ನುವುದು ಬಿಟ್ಟು, ಹೇಳಿದ್ದಕ್ಕೆ ಆಧಾರವೇನು ಅಂತ ಕೇಳು ಎಂದು. ಅದನ್ನು ನಾನು ಕಲಿತದ್ದಕ್ಕಿಂತ ಹೆಚ್ಚಾಗಿ ಹಚ್ಚಿಕೊಂಡಿದ್ದೆ. ಊಟಕ್ಕೆ ಕೂತಲ್ಲಿ, ಕ್ಷೌರಕ್ಕೆ ಕೂತಲ್ಲಿ ವಾದ ತೆಗೆಯುತ್ತಿದ್ದೆ.

ಈ ಕೆಲಸವನ್ನು ಮೊದಲು ಮಾಡುತ್ತಿದ್ದ ಹಿರಿಯ ಕಾರಕೂನರಿಗೆ ಮೊಣಕಾಲು ಹಿಡಿದು ಚಕ್ಕಡಿ ಹತ್ತುವುದು ಇಳಿಯುವುದು ಆಗದಂತಾಗಿತ್ತು. ನ್ಯಾಯಾಧೀಶರನ್ನು ನಾವೆಲ್ಲ ರಾವಸಾಹೇಬರು ಎನ್ನುತ್ತಿದ್ದೆವು. ಧಾರವಾಡದ ಕಡೆಯ ಬ್ರಾಹ್ಮಣರು. ನನ್ನನ್ನು ಕರೆದು ಹೇಳಿದರು: "ನೀ ಲಿಂಗವಂತ ಇದ್ದಿ. ಮಠದೊಳಗ ಯಾರೂ ತಡಿಯೂದಿಲ್ಲ. ಮ್ಯಾಟ್ರಿಕ್ ಆಗೇದ, ಅಕ್ಷರ ಛಲೋ ಅದ. ಮೂರು ತಿಂಗಳು ಮಾಡು. ಸರಿ ಕಂಡರ ಖಾಯಂ."

ನಾನು ಪೇಢೆ ತಿನ್ನದಿದ್ದದ್ದು "ಲಿಂಗವಂತ ಇದ್ದಿ" ಎಂಬ ಮಾತಿಗೆ.

ನಮ್ಮಲ್ಲಿ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಸತ್ತಾಗಲೂ ಅದು ಮೈಮೇಲೆ ಇರಬೇಕು. ಒಂದೂವರೆ ವರ್ಷದ ಹಿಂದೆ ನಾನು ನನ್ನ ಜೊತೆ ನಾನೇ ವಾದ ಮಾಡಿ, ಗೆದ್ದು, ಲಿಂಗವನ್ನು ಕರಡಿಗೆಯಿಂದ ತೆಗೆದು ಟ್ರಂಕಿನ ತಳದಲ್ಲಿ ಇಟ್ಟುಬಿಟ್ಟಿದ್ದೆ. ಕರಡಿಗೆಯನ್ನು ಮಾತ್ರ ಕೊರಳಿನಿಂದ ತೆಗೆದಿರಲಿಲ್ಲ. ನಾನು ಬಾಡಿಗೆಗೆ ಇದ್ದ ಮನೆಯವರು, ಗುಡೂರಿನಲ್ಲಿ ಸಾಲೆ ಮಾಸ್ತರರಾಗಿದ್ದ ನಮ್ಮಪ್ಪ, ಓದುವಾಗ ನನಗೆ ಅನ್ನ ಹಾಕಿದ ಮಠ, ಇವರೆಲ್ಲರ ಕಣ್ಣು ನನ್ನ ಎದೆಯ ಮೇಲಿತ್ತು. ವಾದ ಪೂರ್ತಿ ಆಗಿತ್ತು, ಧೈರ್ಯ ಅರ್ಧಕ್ಕೇ ನಿಂತಿತ್ತು. ಆ ಅರ್ಧದ ಮೇಲೆ ಈಗ ನನ್ನ ನೌಕರಿ ಕೂತಿತು.

ಹಿರಿಯ ಕಾರಕೂನರು ಕೆಲಸ ಒಪ್ಪಿಸಿಕೊಟ್ಟದ್ದು ಕೋರ್ಟಿನ ಪಡಸಾಲೆಯಲ್ಲಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ.

"ಹುಕುಮಿನ್ಯಾಗ ಏನ ಬರದೈತಿ, ಅಷ್ಟ. ಒಂದು ಮಾತು ಹೆಚ್ಚಲ್ಲ, ಒಂದು ಕಡಿಮಿ ಅಲ್ಲ. ಆಣಿ ಮಾತು ಒಮ್ಮೆಲೆ ಹೇಳಸಬಾರದು. ತುಣಕು ತುಣಕು ಮಾಡಿ ಹೇಳಸಬೇಕು. ಎರಡೂ ಕಡೆಯವರು, ಇಬ್ಬರು ಪಂಚರು, ಎಲ್ಲಾರ ಮುಂದ."

"ಮಠದಾಗ ನಿಂತು ಹೇಳಿದ್ರ ಸುಳ್ಳು ಖರೆ ಆಗತೈತೇನ್ರಿ?" ಎಂದೆ.

"ಶುರು ಮಾಡಿದಿ?"

"ಅಲ್ರಿ, ಕೇಳ್ತೇನಿ. ಸುಳ್ಳ ಹೇಳವ ಎಲ್ಲಿದ್ರೂ ಹೇಳ್ತಾನ. ಖರೆ ಹೇಳವಗ ಮಠ ಯಾಕ ಬೇಕು?"

ಅವರು ಎಣ್ಣೆಯ ಕೈಯನ್ನು ನನ್ನ ಧೋತರಕ್ಕೆ ಒರೆಸಿದರು. "ಇಪ್ಪತ್ತ ಸಲ ಮಾಡಿಸೇನಿ. ಏಳು ಸಲ ಮನಶ್ಯಾ ಮಠದ ಬಾಗಲ ತನಕ ಬಂದು ತಿರುಗಿ ಹೋಗ್ಯಾನ. ನಿನ್ನ ಸಭಾದಾಗ ವಾದಾ ಕೇಳಿ ಎಷ್ಟ ಮಂದಿ ಎದ್ದ ಹೋಗ್ಯಾರ, ಹೇಳು."

ಎದ್ದು ಹೋದವರು ಬಹಳ ಇದ್ದರು, ಆದರೆ ಬೇರೆ ಕಾರಣಕ್ಕೆ.

ಮೊದಲ ಆಣೆಯ ಹುಕುಮು ಬಂದದ್ದು ಇಳಕಲ್ಲಿನ ದಾವೆಯಲ್ಲಿ. ವಾದಿ ನೇಕಾರರ ಮನೆಯ ವಿಧವೆ, ನಲವತ್ತರ ಆಸುಪಾಸು. ಮಗಳು ಅಳಿಯ ನೇಯುತ್ತಿದ್ದರು, ಆಕೆ ಹಾಸು ಮಾಡಿ ಕೊಡುತ್ತಿದ್ದಳು. ಹಾಸು ಅಂದರೆ ಸೀರೆಯ ಉದ್ದದ ಎಳೆಗಳು. ಮಗ್ಗಕ್ಕೆ ಏರಿಸುವ ಮುಂಚೆ ಅದನ್ನು ಪೂರ್ತಿ ಉದ್ದಕ್ಕೆ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಅದಕ್ಕೆ ನೆಟ್ಟಗಿನ ಉದ್ದ ಜಾಗ ಬೇಕು. ಆಕೆಯ ಹಿತ್ತಲಿನಿಂದ ಪಕ್ಕದ ಮನೆಯ ಹಿತ್ತಲವರೆಗೆ ಅಂಥ ಒಂದು ಪಟ್ಟಿ ಇತ್ತು. ಪಕ್ಕದ ಮನೆಯವನು ಆಕೆಯ ಗಂಡನ ದೊಡ್ಡಪ್ಪನ ಮಗ, ಅವನೂ ನೇಕಾರ. ಅವನು ಪಟ್ಟಿಯ ನಡುವೆ ಗೋಡೆ ಎಬ್ಬಿಸಿದ್ದ. ಅರ್ಧ ಹಾಸು ಯಾರಿಗೂ ಉಪಯೋಗವಿಲ್ಲ. ತನ್ನ ಅಪ್ಪ ಆ ಜಾಗವನ್ನು ಬಳಸಲಿಕ್ಕಷ್ಟೆ ಕೊಟ್ಟಿದ್ದ ಎಂದು ಅವನ ವಾದ. ಆ ಹಿರಿಯರು ಸಾಯುವ ಮುಂಚೆ ಮಗನನ್ನೂ ತನ್ನ ಗಂಡನನ್ನೂ ಕೂರಿಸಿಕೊಂಡು ಪೂರ್ತಿ ಬಿಟ್ಟುಕೊಟ್ಟಿದ್ದರು ಎಂದು ಆಕೆಯ ವಾದ. ಕಾಗದವಿಲ್ಲ. ಆ ಮಾತು ನಡೆದಾಗ ಇದ್ದ ಮೂವರಲ್ಲಿ ಇಬ್ಬರು ಸತ್ತಿದ್ದರು. ಉಳಿದವನು ಪ್ರತಿವಾದಿ ಒಬ್ಬನೇ.

ಆಕೆ ಬರೆಸಿಕೊಟ್ಟದ್ದು: ಪ್ರತಿವಾದಿ ಇಳಕಲ್ಲಿನ ತಮ್ಮ ಓಣಿಯ ಮಠದಲ್ಲಿ, ಗದ್ದುಗೆಯ ಮುಂದೆ, ಲಿಂಗ ಹಿಡಿದು, ತನ್ನ ಅಪ್ಪ ಹಾಗೆ ಹೇಳಲಿಲ್ಲವೆಂದು ಆಣೆ ಮಾಡಿದರೆ ತನ್ನ ದಾವೆ ಬಿಟ್ಟುಕೊಡುವೆ. ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡವನು ನಾನೇ.

"ಅವ್ವಾ, ಎಲ್ಲಾ ಒಂದು ಮಾತಿನ ಮ್ಯಾಲೆ ಇಟ್ಟೀದಿ. ಆತ ಸುಳ್ಳ ಆಣಿ ಮಾಡಿದ್ರ?"

"ಮಾಡೂದಿಲ್ರಿ."

"ಗ್ವಾಡಿ ಕಟ್ಟಾಕ ಮನಸ ಬಂದವಗ ಆಣಿ ಮಾಡಾಕ ಬರೂದಿಲ್ಲೇನು?"

ಆಕೆ ನನ್ನನ್ನು ತಿಳಿವಳಿಕೆ ಇಲ್ಲದವನನ್ನು ನೋಡುವ ಹಾಗೆ ನೋಡಿದಳು. "ನಮ್ಮ ಭಾವಾರು ಲಿಂಗಪೂಜಿ ಆಗೂತನಕ ನೀರ ಸೈತ ಮುಟ್ಟೂದಿಲ್ರಿ ಯಪ್ಪಾ. ಗ್ವಾಡಿ ಬ್ಯಾರೆ, ಇದು ಬ್ಯಾರೆ."

ಇದು ಹುಚ್ಚುತನ ಎಂದು ನನ್ನ ಮನಸ್ಸು ಹೇಳಿತು. ಕೈ ಮಾತ್ರ ಹೆಬ್ಬೆಟ್ಟಿನ ಮಸಿಯ ಮೇಲೆ ಉಸುಕು ಉದುರಿಸಿತು.

ಮಲಪ್ರಭೆ ದಾಟಿ ಹುನಗುಂದದಲ್ಲಿ ಒಂದು ವಸತಿ ಮಾಡಿ ಮರುದಿನ ಇಳಕಲ್ಲು ಸೇರಿದೆ. ಚಕ್ಕಡಿಯ ದಾರಿಯುದ್ದಕ್ಕೂ ಹುಕುಮು ಓದಿ ಓದಿ ಬಾಯಿಪಾಠವಾಗಿತ್ತು. ಆಣೆಯ ಮಾತನ್ನು ನಾಲ್ಕು ತುಣುಕು ಮಾಡಿಕೊಂಡಿದ್ದೆ. ಮೊದಲನೆಯದು ಹೆಸರು, ತಂದೆಯ ಹೆಸರು. ಎರಡನೆಯದು ಯಾರ ಸಾಕ್ಷಿಯಾಗಿ. ಮೂರನೆಯದು ಯಾವ ಜಾಗ, ಯಾವ ಹೊತ್ತು. ನಾಲ್ಕನೆಯದು ಅಸಲು ಮಾತು: "ನನ್ನ ತಂದೆ ಆ ಜಾಗ ಬಿಟ್ಟುಕೊಟ್ಟೆನೆಂದು ಹೇಳಲಿಲ್ಲ."

ಬೆಳಗಿನ ಇಳಕಲ್ಲಿನ ಓಣಿಗಳಲ್ಲಿ ನಡೆಯುವುದೆಂದರೆ ಹಾಸುಗಳ ನಡುವೆ ದಾರಿ ಹುಡುಕುವುದು. ಎರಡೂ ಬದಿ ಕೆಂಪು, ಕಪ್ಪು, ನೀಲಿ ಎಳೆಗಳು ಗಂಜಿ ಕುಡಿದು ಬಿಗಿಯಾಗಿ ನಿಂತಿದ್ದವು. ಒಬ್ಬ ಮುದುಕನನ್ನು ಕೇಳಿದೆ, ಹಿತ್ತಲ ಇಲ್ಲದವರು ಇಲ್ಲೇ ಓಣಿಯಲ್ಲಿ ಹಾಸು ಹಾಕಬಹುದಲ್ಲ ಎಂದು. ಆತ ಕುಂಚ ನಿಲ್ಲಿಸದೆ ಹೇಳಿದ: "ಓಣಿ ನಮ್ಮ ಅಜ್ಜರ ಕಾಲಕ್ಕ ಹಂಚಿ ಆಗೇತ್ರಿ. ಒಂದ ಗೇಣು ಖಾಲಿ ತೋರಸ್ರಿ, ನಾನ ಅಲ್ಲಿ ಹಾಸು ಕಟಗೋತೇನಿ." ಹಾಗಾದರೆ ಈ ಹೆಂಗಸಿಗೆ ಹಿತ್ತಲ ಹೋದರೆ ಮಗ್ಗವೂ ಹೋಯಿತು. ಅದು ನನಗೆ ಆಗ ನೆಟ್ಟಗೆ ತಲೆಗೆ ಹೋಯಿತು.

ಮಠದಲ್ಲಿ ಎಲ್ಲ ಸಿದ್ಧವಿತ್ತು. ಮಠದ ಅಯ್ಯನವರು ವಿಭೂತಿಯ ತಟ್ಟೆ ಹಿಡಿದು ಗದ್ದುಗೆಯ ಪಕ್ಕ ಕೂತಿದ್ದರು. ಇಬ್ಬರು ಪಂಚರು ಗೋಡೆಗೆ ಒರಗಿದ್ದರು. ವಿಧವೆ ಕಂಬದ ಹಿಂದೆ ಸೆರಗು ಮುಂದೆಳೆದುಕೊಂಡು ಕೂತಿದ್ದಳು. ಗಂಡನ ಅಣ್ಣನಾದವನ ಎದುರಿಗೆ ಆಕೆ ಕೂಡುವ ಹಾಗಿರಲಿಲ್ಲ, ಆದ್ದರಿಂದ ಆಕೆಗೆ ಅವನು ಕಾಣುತ್ತಲೂ ಇರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಪ್ರತಿವಾದಿ ಬಾವಿಯ ನೀರು ಹೊಯ್ದುಕೊಂಡು ಒದ್ದೆ ಧೋತರದಲ್ಲಿ ಬಂದ. ಐವತ್ತು ದಾಟಿದ ಸಾಧು ಮುಖ. ಮಗ್ಗದ ಕುಣಿಯಲ್ಲಿ ಕೂತು ಕೂತು ಬೆನ್ನು ಬಾಗಿತ್ತು.

ಅಯ್ಯನವರ ಮುಂದೆ ಅವನು ವಿಭೂತಿಗೆ ಬಾಗಿದ. ಎದೆಯ ಮೇಲಿನ ಕರಡಿಗೆ ಮುಂದೆ ಜಾರಿ ತಟ್ಟೆಯ ಅಂಚಿಗೆ ತಾಕಿತು, ಆಮೇಲೆ ದಾರದಲ್ಲಿ ಗಿರಗಿರ ತಿರುಗಿತು.

ಲಿಂಗವಿದ್ದ ಕರಡಿಗೆ ಹಾಗೆ ತಿರುಗುವುದಿಲ್ಲ. ಭಾರಕ್ಕೆ ನೆಟ್ಟಗೆ ಇಳಿದು ನಿಲ್ಲುತ್ತದೆ. ಖಾಲಿಯದು ಮಾತ್ರ ತಿರುಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನಾನು ಬಾಗಿದಾಗಲೆಲ್ಲ ನನ್ನದು ಹಾಗೆ ತಿರುಗುತ್ತದೆಂದು ಅಂಗಿಯ ಮೇಲಿಂದ ಒತ್ತಿ ಹಿಡಿಯುವುದು ಒಂದೂವರೆ ವರ್ಷದಿಂದ ಅಭ್ಯಾಸವಾಗಿತ್ತು.

ಅವನು ಎದ್ದು ನಿಂತು ಮುಚ್ಚಿದ ಕರಡಿಗೆಯನ್ನು ಎಡಗೈಯಲ್ಲಿಟ್ಟು ಬಲಗೈ ಮುಚ್ಚಿದ. ಎಲ್ಲರೂ ನನ್ನ ಕಡೆ ನೋಡಿದರು. ಹುಕುಮಿನಲ್ಲಿ "ಲಿಂಗ ಹಿಡಿದು" ಅಂತಿತ್ತು. ಕರಡಿಗೆ ಬಿಚ್ಚಿ ತೆಗೆದು ಅಂತ ಇರಲಿಲ್ಲ. ಬಿಚ್ಚು ಅನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಒಬ್ಬನ ಲಿಂಗ ಅವನದು ಮತ್ತು ಅವನ ಗುರುವಿನದು, ಹಾದಿಯವನು ತೋರಿಸು ಎಂದು ಕೇಳುವಂಥದಲ್ಲ. ನನ್ನ ಬಾಯಿ ತಾನಾಗಿ ಮೊದಲ ತುಣುಕು ಹೇಳಿತು. ಅವನು ಹೇಳಿದ. ಎರಡನೆಯದು. ಹೇಳಿದ. ಮೂರನೆಯದು. ಹೇಳಿದ.

ಆ ಮೂರು ತುಣುಕುಗಳ ನಡುವೆ ನನ್ನ ತಲೆ ಎಂದಿನ ಕೆಲಸ ಮಾಡುತ್ತಿತ್ತು. ಖಾಲಿ ಇರಲಿಕ್ಕೆ ಏನು ಕಾರಣ? ಕಳೆದುಕೊಂಡಿದ್ದರೆ ಈ ಮನುಷ್ಯ ಊರೆಲ್ಲ ಹುಡುಕಿಸಿ, ಉಪವಾಸ ಬಿದ್ದು, ಇದೇ ಅಯ್ಯನವರ ಕಾಲಿಗೆ ಬೀಳುತ್ತಿದ್ದ. ನನ್ನ ಹಾಗೆ ನಂಬಿಕೆ ಬಿಟ್ಟಿದ್ದರೆ ದಿನಾ ಪೂಜೆ ಇಲ್ಲದೆ ನೀರು ಮುಟ್ಟದಿರುವುದು ಯಾಕೆ? ಉಳಿದದ್ದು ಒಂದೇ. ಇವತ್ತು ಬೆಳಿಗ್ಗೆ, ಈ ಕೆಲಸಕ್ಕಾಗಿಯೇ, ತೆಗೆದಿಟ್ಟು ಬಂದಿದ್ದಾನೆ. ನಂಬದವನಿಗೆ ಅದನ್ನು ತೆಗೆದಿಡುವ ಗರಜು ಇಲ್ಲ. ಖರೆ ಹೇಳುವವನಿಗೂ ಇಲ್ಲ. ನಂಬುವವನು ಸುಳ್ಳು ಹೇಳಬೇಕಾದಾಗ ಮಾತ್ರ ಅದು ಬೇಕಾಗುತ್ತದೆ. ನನ್ನ ಜೀವನದಲ್ಲಿ ಇಷ್ಟು ಗಟ್ಟಿಯಾದ ವಾದ ನಾನು ಕಟ್ಟಿರಲಿಲ್ಲ, ಮತ್ತು ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಹೇಳಿದರೆ ಮೊದಲ ಪ್ರಶ್ನೆ: ನಿನಗೆ ಹೇಗೆ ಗೊತ್ತಾಯಿತು?

ನಾಲ್ಕನೆಯ ತುಣುಕಿಗೆ ಮುಂಚೆ, "ಕಾಗದದಾಗ ಒಂದು ಮಾತು ನೋಡಬೇಕಾಗೇತಿ," ಎಂದು ಅವನನ್ನು ಹಿಂದಿನ ಬಾವಿಯ ಕಟ್ಟೆಗೆ ಕರೆದೆ. ಆಣೆಯ ನಡುವೆ ಹೀಗೆ ಮಾಡಬಾರದಿತ್ತು. ಎರಡೂ ಕಡೆಯವರ ಮುಂದೆ ಎಂದು ಹಿರಿಯರು ಹೇಳಿದ್ದರು. ಅದು ನನ್ನ ಮೊದಲ ತಪ್ಪು.

"ಕರಡಿಗಿ ಹಗುರ ಐತಲ್ರಿ," ಎಂದೆ, ಎಷ್ಟು ಆಗುತ್ತದೋ ಅಷ್ಟು ಸಣ್ಣಗೆ.

ಅವನು ಬಾವಿಯೊಳಗೆ ಬಗ್ಗಿ ನೋಡಿದ. ಆಮೇಲೆ, "ನಾ ಜಳಕಕ್ಕ ಹೊಂಟಾಗ ನೀವು ಬಾಗಲದಾಗ ಬಾಗಿ ಕಾಲ್ಮರಿ ಬಿಡಾಕ ಹತ್ತಿದ್ರಿ, ನಾನೂ ನೋಡೇನ್ರಿ ತಮ್ಮಾರ," ಎಂದ. "ನಿಮ್ಮದೂ ಅಂಗಿ ಹೊರಗ ಜಾರಿ ತಿರಗಿತು."

ನನ್ನ ಕೈ ಎದೆಗೆ ಹೋಯಿತು. ಅವನ ದನಿಯಲ್ಲಿ ಬೆದರಿಕೆ ಇರಲಿಲ್ಲ. ಅದೇ ಹೆಚ್ಚು ಹೆದರಿಸಿತು.

"ನೀವು ನಂದು ಕೇಳಬ್ಯಾಡ್ರಿ, ನಾ ನಿಮ್ಮದು ಕೇಳೂದಿಲ್ಲ. ಒಂದ ಮಾತು ಉಳದೈತಿ. ಮುಗಿಸಿ ಬಿಡೂಣು."

ಮೂರು ತಿಂಗಳ ನೌಕರಿ, ಅಪ್ಪನ ಮುಖ, ಅನ್ನ ಹಾಕಿದ ಮಠ, ಎಲ್ಲ ಒಮ್ಮೆ ಕಣ್ಣ ಮುಂದೆ ಬಂದವು. ನಾನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಒಳಗೆ ಬಂದು ನಿಂತೆ. ನಾಲ್ಕನೆಯ ತುಣುಕು ಹೇಳಿಸಲಿಕ್ಕೆ ಬಾಯಿ ಬರಲಿಲ್ಲ. "ಹುಕುಮಿನ ಮಾತಿನ್ಯಾಗ ಸಂಶಯ ಬಂದೈತಿ. ರಾವಸಾಹೇಬರನ್ನ ಕೇಳಬೇಕು. ಇವತ್ತಿಗೆ ನಿಲ್ಲಸೇನಿ," ಎಂದುಬಿಟ್ಟೆ.

ಪಂಚರು ಒಬ್ಬರನ್ನೊಬ್ಬರು ನೋಡಿದರು. ಅಯ್ಯನವರು ತಟ್ಟೆಯನ್ನು ಕೆಳಗಿಟ್ಟರು. ಕಂಬದ ಹಿಂದಿನಿಂದ ಆಕೆಯ ದನಿ ಬಂತು: "ಇವತ್ತ ಇಲ್ಲೇನ್ರಿ ಹಂಗಾರ? ನಾವು ಹಾಸು ಸುತ್ತಿ ಇಟ್ಟ ಬಂದೇವ್ರಿ."

ಹಿಂದಿರುಗುವಾಗ ಹುನಗುಂದದ ಧರ್ಮಶಾಲೆಯಲ್ಲಿ ಮಧ್ಯಾಹ್ನವೆಲ್ಲ ಕೂತು ವರದಿ ಬರೆದೆ. ಹುಕುಮಿನ ಶಬ್ದಗಳು ಸ್ಪಷ್ಟವಿಲ್ಲ, ಲಿಂಗ ಹಿಡಿಯುವುದೆಂದರೆ ಮುಚ್ಚಿಯೋ ತೆಗೆದೋ, ಎರಡೂ ಅರ್ಥ ಹೇಗೆ ಹೊರಡುತ್ತವೆ, ಕಾಯದೆಯ ಉದ್ದೇಶವೇನು. ನಾಲ್ಕು ಹಾಳೆ. ಕರಡಿಗೆ ತಿರುಗಿದ್ದು ಒಂದು ಕಡೆಯೂ ಇರಲಿಲ್ಲ. ಬಾಗಲಕೋಟೆಯಲ್ಲಿ ಹಿರಿಯ ಕಾರಕೂನರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು.

"ಇದು ವರದಿ ಅಲ್ಲ. ಭಾಷಣ."

"ಕಾಯದೆ ಪ್ರಕಾರನ ಬರದೇನ್ರಿ."

"ಅಲ್ಲಿ ಏನ ಆತು ಅನ್ನೂದ ಬಿಟ್ಟು ಎಲ್ಲಾ ಐತಿ ಇದರಾಗ. ಏನ ನೋಡಿದಿ ತಮ್ಮಾ?"

"ಏನಿಲ್ರಿ."

ಅವರು ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು. "ಏನೂ ನೋಡದವ ಮೂರು ತುಣುಕು ಹೇಳಿಸಿ ನಾಕನೇದು ಬಿಡೂದಿಲ್ಲ," ಎಂದು ಹೇಳಿ ಎದ್ದುಹೋದರು. ಕುಂಟುತ್ತ ಹೋಗುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು. ಕರೆದು ಹೇಳಲಿಕ್ಕೆ ಅಷ್ಟು ವೇಳೆ ಇತ್ತು. ಕರೆಯಲಿಲ್ಲ.

ವಿಚಾರಣೆಯ ದಿನ ಪ್ರತಿವಾದಿಯ ವಕೀಲರು ನನ್ನ ಭಾಷಣವನ್ನು ನನ್ನ ಮೇಲೆಯೇ ತಿರುಗಿಸಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. "ರಾವಸಾಹೇಬ, ಹುಕುಮಿನಲ್ಲಿ ಲಿಂಗ ಹಿಡಿದು ಎಂದಿದೆ. ನನ್ನ ಪಕ್ಷಕಾರ ಕರಡಿಗೆ ಸಮೇತ ಹಿಡಿದ. ನಾಡಿನಲ್ಲಿ ಎಲ್ಲರೂ ಹಿಡಿಯುವುದು ಹಾಗೆಯೇ. ಮೂರು ಮಾತು ಹೇಳಿದ, ನಾಲ್ಕನೆಯದನ್ನು ಹೇಳಲಿಕ್ಕೆ ಸಿದ್ಧನಿದ್ದ. ಕಾರಕೂನರು ಆಣೆ ಅರ್ಧಕ್ಕೆ ನಿಲ್ಲಿಸಿ ಅವನೊಬ್ಬನನ್ನೇ ಬಾವಿಯ ಕಡೆ ಕರೆದುಕೊಂಡು ಹೋದರು. ಅಲ್ಲಿ ಏನು ಕೇಳಿದರೋ ದೇವರೇ ಬಲ್ಲ. ಆಣೆ ಪೂರ್ತಿಯಾಯಿತೆಂದು ಹಿಡಿದು ದಾವೆ ತಳ್ಳಿಹಾಕಬೇಕು."

ಲಂಚ ಎಂಬ ಶಬ್ದವನ್ನು ಅವರು ಬಾಯಿಂದ ಆಡಲಿಲ್ಲ. ಕೋರ್ಟಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ರಾವಸಾಹೇಬರು ನನ್ನ ನಾಲ್ಕು ಹಾಳೆಗಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. "ಹುಕುಮಿನ ಮಾತು ನೀ ಹೋಗೂ ಮುಂಚೆನ ಓದಿದ್ದಿ. ಆವಾಗ ಬರಲಾರದ ಸಂಶಯ ಮೂರು ಮಾತು ಆದ ಮ್ಯಾಲೆ ಯಾಕ ಬಂತು?"

ಉತ್ತರಗಳು ಇದ್ದವು. ಆ ಹೊತ್ತಿಗೂ ನನ್ನ ತಲೆಯಲ್ಲಿ ಎರಡು ಮೂರು ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಹಸನಾಗಿ. ಹೆಂಗಸು ಬಾಗಿಲ ಬಳಿ ಕೂತಿದ್ದಳು. ಇವತ್ತು ಹಾಸು ಇಲ್ಲ, ಮಗ್ಗ ಇಲ್ಲ ಎಂದು ಕೋರ್ಟು ಹೇಳಿದರೆ ಅದು ನನ್ನ ಒಂದು ಹಸನಾದ ಉತ್ತರದ ಮೇಲೆ ಹೇಳಿದಂತೆ. ಅವನ ಸುಳ್ಳು ಆಣೆಗಿಂತ ಅದು ಯಾವ ರೀತಿಯಲ್ಲಿ ಮೇಲು ಎಂದು ನನ್ನನ್ನು ನಾನೇ ಕೇಳಿದೆ.

ಕೊರಳಿನಿಂದ ದಾರ ತೆಗೆದು ಕರಡಿಗೆಯನ್ನು ರಾವಸಾಹೇಬರ ಮೇಜಿನ ಮೇಲಿಟ್ಟೆ. ಮುಚ್ಚಳ ಬಿಚ್ಚಿದೆ.

"ಇದರಾಗ ಏನೂ ಇಲ್ರಿ. ಒಂದೂವರಿ ವರ್ಷಾತು. ಖಾಲಿ ಕರಡಿಗಿ ಬಾಗಿದಾಗ ದಾರದಾಗ ತಿರಗತೈತ್ರಿ, ತುಂಬಿದ್ದು ತಿರಗೂದಿಲ್ಲ. ಪ್ರತಿವಾದಿದು ವಿಭೂತಿಗೆ ಬಾಗಿದಾಗ ತಿರಗಿತು. ಅದ ನನ್ನ ಸಂಶಯ. ಬಾವಿ ಕಡೆ ಕರದು ಕೇಳಿದ್ನಿ, ಅದು ತಪ್ಪು. ನನ್ನದೂ ಖಾಲಿ ಐತಂತ ಅವರು ಗುರತ ಹಿಡದ್ರು. ಯಾರೂ ಯಾರದೂ ಕೇಳೂದು ಬ್ಯಾಡ ಅಂದ್ರು. ನಾ ಏನೂ ಅನ್ನದ ಬಂದ್ನಿ. ವರದಿಯಾಗ ಮುಚ್ಚಿಟ್ನಿ, ಅದೂ ತಪ್ಪು."

ದಾರದ ತುದಿ ಹಿಡಿದು ಎತ್ತಿ ತೋರಿಸಿದೆ. ಅದು ತಿರುಗಿತು. ಹಿಂದಿನಿಂದ ಯಾರೋ ನಕ್ಕರು. ನಕಲು ಕೋಣೆಯ ಬಾಗಿಲಲ್ಲಿ ನನ್ನ ಹಳೆಯ ಜೊತೆಯವರು ನಿಂತಿದ್ದರು, ಅವರು ನಗುತ್ತಿರಲಿಲ್ಲ.

ವಕೀಲರು ಕೂಡಲೆ ಎದ್ದರು. "ಸ್ವತಃ ಲಿಂಗ ಬಿಟ್ಟವನು ಲಿಂಗವಂತರ ಆಣೆ ಮಾಡಿಸಲಿಕ್ಕೆ ಹೋಗುವುದೆಂದರೇನು? ಇಂಥವನ ಮಾತಿಗೆ ಏನು ಬೆಲೆ?"

ಬಾಗಿಲ ಬಳಿಯಿಂದ ಹೆಂಗಸು, ಯಾರೂ ಕೇಳದಿದ್ದರೂ, ಹೇಳಿದಳು: "ಅವರೇನ ಆಣಿ ಮಾಡಾಕ ಬಂದಿದ್ರೇನ್ರಿ? ಕೇಳಾಕ ಬಂದಿದ್ರು."

"ಸುಮ್ಮ ಕೂಡವ್ವಾ," ಎಂದರು ರಾವಸಾಹೇಬರು. ಆದರೆ ಅದನ್ನು ಬರೆದುಕೊಳ್ಳುತ್ತಿದ್ದ ಶಿರಸ್ತೇದಾರರನ್ನು ತಡೆಯಲಿಲ್ಲ.

ಆಮೇಲೆ ಅವರು ಪ್ರತಿವಾದಿಯ ಕಡೆ ತಿರುಗಿದರು. ಮಠದಲ್ಲಿ ಆ ದಿನ ಕರಡಿಗೆ ಖಾಲಿ ಇತ್ತೇ ಎಂದು ಕೇಳಲಿಲ್ಲ. ಅದಕ್ಕೆ ಈಗಲೂ ನಾನು ಅವರನ್ನು ಮೆಚ್ಚುತ್ತೇನೆ. "ಇವತ್ತ ಒಳಗ ಲಿಂಗ ಅದ ಏನಪಾ?" ಎಂದರು.

"ಐತ್ರಿ."

ಇತ್ತು. ಕರಡಿಗೆ ಭಾರಕ್ಕೆ ನೆಟ್ಟಗೆ ನಿಂತದ್ದು ನನಗೂ ಕಾಣುತ್ತಿತ್ತು. ಇವತ್ತು ಆಣೆಯ ಮಾತು ಬರುವುದಿಲ್ಲವೆಂದು ಅವನು ಎಂದಿನಂತೆ ಪೂಜೆ ಮುಗಿಸಿ ಕಟ್ಟಿಕೊಂಡು ಬಂದಿದ್ದ.

"ನಿನ್ನ ವಕೀಲರು ಸಿದ್ಧ ಇದ್ದಿ ಅಂತಾರ. ಹೆಂಗಸೂ ಒಪ್ಪಿದ್ರ ಮಠದ ಬದಲಿ ಇಲ್ಲೇ ಆಗಲಿ. ಲಿಂಗ ತಗದು ಅಂಗೈಯಾಗ ಇಟಗೊಂಡು ಉಳದದ್ದೊಂದು ಮಾತು ಹೇಳು. ಜುಲುಮಿ ಇಲ್ಲ. ಮನಸಿದ್ರ ಹೇಳು."

"ನಂದು ಒಪ್ಪಿಗಿ ಐತ್ರಿ," ಎಂದಳು ಆಕೆ.

ಅವನು ಕರಡಿಗೆ ಬಿಚ್ಚಿದ. ಒಳಗಿನ ಬಟ್ಟೆಯ ಸುರುಳಿಯ ಮೇಲೆ ಎರಡು ಬೆರಳಿಟ್ಟ. ಅಲ್ಲಿಯೇ ನಿಂತ. ಹೊರಗೆ ಯಾರದೋ ಎತ್ತಿನ ಗಂಟೆ, ಒಳಗೆ ಪಂಖದ ಹಗ್ಗ ಎಳೆಯುವ ಸದ್ದು. ಅವನು ಹೇಳಿಬಿಟ್ಟರೆ ನಾನು ಎಲ್ಲರ ಮುಂದೆ ಬತ್ತಲಾದದ್ದು ಸುಮ್ಮನೆ, ಆಕೆಯ ಮಗ್ಗ ಹೋದದ್ದು ಕಾಯಂ. ನಂಬುವವನು ಹೀಗೇ ಮಾಡುತ್ತಾನೆ ಎಂಬ ನನ್ನ ವಾದಕ್ಕೆ ಆ ಎರಡು ಬೆರಳಿನ ಹೊರತು ಬೇರೆ ಆಧಾರವಿರಲಿಲ್ಲ.

ಅವನು ಮುಚ್ಚಳ ಹಾಕಿದ.

"ಇಲ್ರಿ. ನಾ ಆಣಿ ಮಾಡೂದಿಲ್ರಿ."

"ಯಾಕ?"

"ಯಾಕಂತ ಕೇಳಬ್ಯಾಡ್ರಿ."

ನಿರಾಕರಿಸಿದರೆ ದಾವೆ ಸೋತಂತೆ ಎಂದು ಕಾಯದೆ ಹೇಳುವುದಿಲ್ಲ. ಏನು ಕೇಳಿದೆವು, ಅವನು ಏನೆಂದ, ಅಷ್ಟನ್ನೇ ಬರೆದುಕೊಳ್ಳಬೇಕು. ರಾವಸಾಹೇಬರು ಹಾಗೆಯೇ ಬರೆಸಿ ಸಾಕ್ಷಿಗೆ ತಾರೀಖು ಕೊಟ್ಟರು. ಆ ತಾರೀಖು ಬರಲಿಲ್ಲ. ಅದೇ ದಿನ ಸಂಜೆಯ ಮುಂಚೆ ಅವನು ವಕೀಲರ ಮಾತು ಕೇಳದೆ ರಾಜಿಯ ಕಾಗದಕ್ಕೆ ಸಹಿ ಹಾಕಿದ. ಗೋಡೆ ತೆಗೆಯುವುದು, ಪಟ್ಟಿ ಆಕೆಯದು. ಸಹಿ ಹಾಕಿ ನನ್ನ ಮುಂದಿನಿಂದಲೇ ಹೋದ. ಸಿಟ್ಟಿನಿಂದ ನೋಡಬಹುದೆಂದು ತಲೆ ತಗ್ಗಿಸಿ ಕೂತಿದ್ದೆ. ಅವನು ನೋಡಲೇ ಇಲ್ಲ. ಆಕೆ ಹೆಬ್ಬೆಟ್ಟು ಒತ್ತಿ ಕೇಳಿದ್ದು ಒಂದೇ ಮಾತು: ಗೋಡೆ ಯಾವ ದಿನ ಬೀಳುತ್ತದೆ. ಆ ಹಾಸು ಹೊಸ ಮದುಮಗಳ ಸೀರೆಯದಂತೆ, ಸುತ್ತಿ ಇಟ್ಟಲ್ಲೇ ಧೂಳು ಹಿಡಿಯುತ್ತಿತ್ತಂತೆ.

ನನ್ನ ಮೇಲೆ ಅಯ್ಯನವರ ದೂರು ಬಂತು. ಊರೊಳಗೆ ಸುದ್ದಿ ಅದಕ್ಕೂ ಮುಂಚೆ ಬಂದಿತ್ತು. ಬಾಡಿಗೆಯ ಮನೆ ಬಿಟ್ಟೆ. ಬಿಡು ಎಂದು ಮನೆಯವರು ಹೇಳಲಿಲ್ಲ, ನನ್ನ ನೀರಿನ ಕೊಡ ಹೊರಗೆ ಇಡತೊಡಗಿದರು. ಅಪ್ಪ ಒಂದು ಕಾಗದ ಬರೆದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೂರು ತಿಂಗಳು ತುಂಬಿದ ದಿನ ರಾವಸಾಹೇಬರು ಕರೆದಾಗ ನಾನು ಚಾಪೆ ಸುತ್ತಿಯೇ ಹೋಗಿದ್ದೆ.

"ಮಠದೊಳಗ ನಿನ್ನ ಇನ್ನ ಕಳಸಲಿಕ್ಕೆ ಬರೂದಿಲ್ಲ," ಎಂದರು. "ಖೋಟಾ ಆಣಿ ಗುರತ ಹಿಡಿಯವನನ್ನ ಬಿಡಲಿಕ್ಕೂ ಬರೂದಿಲ್ಲ. ಸಮನ್ಸು, ಪಂಚನಾಮಿ ನಿಂದ. ಆಣಿಗೆ ಹಿರಿಯರು ಹೋಗ್ತಾರ, ನೀ ಅವರ ಜೋಡಿ ಹೋಗು. ಹೊರಗ ಕೂತು ಬರಕೋ."

ಅಂದರೆ ನನ್ನ ದೆಸೆಯಿಂದ ಆ ಮೊಣಕಾಲು ತಿರುಗಿ ಚಕ್ಕಡಿ ಹತ್ತಬೇಕಾಯಿತು.

ಬಾದಾಮಿಯ ಕಡೆ ಒಂದು ಹಳ್ಳಿ. ಅವರನ್ನು ಎರಡೂ ಕೈಯಿಂದ ಹಿಡಿದು ಚಕ್ಕಡಿಯಿಂದ ಇಳಿಸಿದೆ. ಮಠದ ಹೊಸ್ತಿಲವರೆಗೆ ನಡೆಸಿಕೊಂಡು ಹೋಗಿ ಬಿಟ್ಟು, ಹೊರಗಿನ ಕಟ್ಟೆಯ ಮೇಲೆ ಕೂತು ಹಾಳೆ ತೆಗೆದೆ. ಒಳಗಿನಿಂದ ಅವರು ಒಂದೊಂದು ತುಣುಕು ಗಟ್ಟಿಯಾಗಿ ಹೇಳುವುದು, ಆಣೆ ಮಾಡುವವನು ತಿರುಗಿ ಹೇಳುವುದು ಕೇಳುತ್ತಿತ್ತು. ಬರೆಯುತ್ತ ಹೋದೆ. ಕೈ ಕಾಣುತ್ತಿರಲಿಲ್ಲ, ಕರಡಿಗೆ ಕಾಣುತ್ತಿರಲಿಲ್ಲ. ಮೂರನೆಯ ತುಣುಕು ಮುಗಿಯಿತು. ನನ್ನ ಟಾಕು ನಿಂತಿತು. ನನಗೆ ಮಾತಾಡುವ ಹಕ್ಕಿರಲಿಲ್ಲ. ಎದ್ದು ಹೊಸ್ತಿಲ ಈಚೆಗೆ ನಿಂತು ಕೂಗಿದೆ:

"ಲಿಂಗ ತಗದ ಹಿಡದಾರೇನ್ರಿ?"

ಒಳಗಿನಿಂದ ಹಿರಿಯರ ದನಿ, ಮೊಣಕಾಲಿನ ನೋವಿನಲ್ಲೂ ರೇಗಿ:

"ತಗದ ಹಿಡದಾರೋ ಮಾರಾಯಾ. ಬರಿ ನೀ."

ಕೂತು ಬರೆದೆ.